ಸೋಯಾ ಬಂದ ಮೇಲೆ ಹೊಲದ ಪಲ್ಯ ಎಲ್ಲಿ ಹೋಯಿತು

ತೊಗರಿ, ಕಡಲೆ, ಉದ್ದು, ಹೆಸರು ಎಲ್ಲವನ್ನೂ ಬೆಳೆಯುವ ಬೀದರ್ ಜಿಲ್ಲೆಯಲ್ಲಿ ಬಸುರಿಯರಿಗೆ ರಕ್ತ ಕಡಿಮೆ ಏಕೆ ಎಂದು ಕೇಳಿದ್ದೀರಿ. ಇದು ನಮ್ಮೊಬ್ಬರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲೂ ಸುಮಾರು ಶೇ 65ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆದರೂ ನಿಮ್ಮ ಪ್ರಶ್ನೆಗೆ ನಮ್ಮ ಕಡೆಯ ಉತ್ತರವೊಂದಿದೆ: ಬೆಳೆಯುವುದೆಲ್ಲ ಒಲೆಯವರೆಗೆ ಬರುವುದಿಲ್ಲ.

ಸೋಯಾವನ್ನೇ ನೋಡಿ. ಈಗ ಮುಂಗಾರಿಗೆ ಎಲ್ಲಿ ನೋಡಿದರೂ ಅದೇ. ರೈತನನ್ನು ದೂರುವಂತಿಲ್ಲ, ನೂರು ದಿನದ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ, ಹಿಂಗಾರಿ ಕಡಲೆಗೆ ಹೊಲ ತೆರವಾಗುತ್ತದೆ, ಹಣ ಒಂದೇ ಸಲ ಕೈ ಸೇರುತ್ತದೆ. ಆ ಕಾಳಿನಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ಪ್ರೋಟೀನ್ ಇದೆ. ಆದರೆ ನಮ್ಮ ಅಡುಗೆಮನೆಗಳಿಗೆ ಅದರ ಗುರುತೇ ಇಲ್ಲ. ಕಾಳು ಎಣ್ಣೆ ಗಿರಣಿಗೆ, ಹಿಂಡಿ ಕೋಳಿಗೆ. ಆ ಕೋಳಿಯ ಮೊಟ್ಟೆ ಎಂದಾದರೂ ಅಂಗನವಾಡಿಗೆ ಬಂದರೆ, ನಮ್ಮ ಬೆಳೆ ನಮ್ಮ ಮಕ್ಕಳಿಗೆ ದಕ್ಕಿತು ಎಂದುಕೊಳ್ಳಬೇಕು!

ಮೊದಲು ಮುಂಗಾರಿ ಹೊಲವೆಂದರೆ ಜೋಳ, ತೊಗರಿಯ ನಡುವೆ ಅಕ್ಕಡಿ ಸಾಲು: ಹೆಸರು, ಅಲಸಂದೆ, ಎಳ್ಳು, ಬದುವಿನ ಪಕ್ಕದಲ್ಲಿ ಪುಂಡಿ ಸೊಪ್ಪು. ಮಾರುವುದಕ್ಕೆ ಮುಖ್ಯ ಬೆಳೆ, ಮನೆಗೆ ಅಕ್ಕಡಿ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಬರಿಗೈಯಲ್ಲಿ ಮರಳುತ್ತಿರಲಿಲ್ಲ. ಉಡಿಯಲ್ಲಿ ಒಂದು ಹೊತ್ತಿನ ಪಲ್ಯ, ಅಂದರೆ ಅಡುಗೆಗೆ ಬರುವ ಸೊಪ್ಪು, ಇರುತ್ತಿತ್ತು. ಬಿತ್ತದೆ ಬಂದದ್ದು, ಬೆಲೆ ಇಲ್ಲದ್ದು. ಈಗ ಬಿತ್ತಿದ ಕೆಲವೇ ವಾರಗಳಲ್ಲಿ ಕಳೆನಾಶಕ ಸಿಂಪಡಿಸುತ್ತಾರೆ. ಸೊಂಟ ಬಗ್ಗಿಸುವ ಕೆಲಸ ಕಡಿಮೆಯಾಯಿತು, ಅದರಲ್ಲೂ ಏಳು ತಿಂಗಳ ಬಸುರಿಗೆ ಅದು ಸಣ್ಣ ಲಾಭವಲ್ಲ. ಪಲ್ಯವೂ ಅದರ ಜೊತೆಗೇ ಸುಟ್ಟು ಹೋಯಿತು.

ಹಿಂಗಾರಿನಲ್ಲಿ ಮಾತ್ರ ಒಂದು ಹಳೆಯ ಅಭ್ಯಾಸ ಇನ್ನೂ ಗಟ್ಟಿಯಾಗಿದೆ. ಕಡಲೆ ಬಿತ್ತಿ ತಿಂಗಳಾದ ಮೇಲೆ ಹೆಂಗಸರು ಸಾಲುಗಳಲ್ಲಿ ನಡೆದು ಕುಡಿ ಚಿವುಟುತ್ತಾರೆ. ಎಲೆಯ ಮೇಲಿನ ಹುಳಿ ಬೆರಳಿಗೆಲ್ಲ ಅಂಟುತ್ತದೆ, ಗೀರು ಬಿದ್ದ ಕಡೆ ಉರಿಯುತ್ತದೆ. ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಕಾಯಿ ಹೆಚ್ಚು ಕಟ್ಟುತ್ತದೆ. ಆದ್ದರಿಂದ ಯಜಮಾನರ ತಕರಾರಿಲ್ಲ. ತಂದ ಕುಡಿಯನ್ನು ಬೇಳೆಯೊಡನೆ ಬೇಯಿಸುತ್ತಾರೆ, ಉಳಿದದ್ದನ್ನು ಒಣಗಿಸಿ ಬೇಸಿಗೆಗೆ ಎತ್ತಿಡುತ್ತಾರೆ. ಪೌಷ್ಟಿಕತೆಯ ಹೆಸರಿನಲ್ಲಿ ಯಾವ ಯೋಜನೆ ಬಂದರೂ ನಾನು ಮೊದಲು ತೋರಿಸುವುದು ಇದನ್ನೇ. ಇಳುವರಿಗೂ ಒಳ್ಳೆಯದು, ತಟ್ಟೆಗೂ ಒಳ್ಳೆಯದು ಎನ್ನುವ ಕೆಲಸ ಬಾಳುತ್ತದೆ. ಬರೀ ತಟ್ಟೆಗೆ ಒಳ್ಳೆಯದು ಎಂದರೆ ಒಂದೇ ವರ್ಷ.

ಇನ್ನು ಎಳ್ಳ ಅಮಾವಾಸ್ಯೆಯ ಭಜ್ಜಿ. ಅದು ಬೆಂಗಳೂರಿನ ಎಣ್ಣೆಯ ಬಜ್ಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಸಿಕ್ಕ ಸೊಪ್ಪು ತರಕಾರಿಯನ್ನೆಲ್ಲ ಸೇರಿಸಿ ಕಡಲೆ ಹಿಟ್ಟಿನಲ್ಲಿ ಕುದಿಸಿದ್ದು. ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲೇ ಕುಳಿತು ತಿನ್ನುತ್ತೇವೆ. ಅದು ಹೊಲದ ಲೆಕ್ಕಪತ್ರವಿದ್ದಂತೆ. ಈಗ ಎಷ್ಟೋ ಮನೆಯವರು ಅದರ ಕಾಳನ್ನು ಪೇಟೆಯಿಂದ ತಂದು, ಹೊಲಕ್ಕೆ ಹೊತ್ತು, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ.

ಬೇರೆ ದಾರಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್, ಅದರ ಬಳಿ ಪಸ್ತಾಪುರ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ಸಂಘಗಳ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತರು, ಸಣ್ಣ ತುಂಡು ಭೂಮಿಯಲ್ಲಿ ಹತ್ತಾರು ಬೆಳೆ ಬೆರೆಸಿ ಬಿತ್ತುತ್ತಾರೆ, ಬೀಜವನ್ನು ತಾವೇ ಕಾಯ್ದಿಡುತ್ತಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅಲ್ಲಿ ಏನು ಬಿತ್ತಬೇಕೆಂದು ಹೆಂಗಸರು ತೀರ್ಮಾನಿಸುತ್ತಾರೆ. ಉಳಿದದ್ದೆಲ್ಲ ಆ ಒಂದು ಮಾತಿನಿಂದ ಬಂದದ್ದು ಎಂದು ನನ್ನ ಅಭಿಪ್ರಾಯ.

ಹಾಗೆಂದು ಹೊಲ ಸರಿಯಾದರೆ ಎಲ್ಲ ಸರಿ ಎಂದಲ್ಲ. ಮಗುವಿಗೆ ಶೀತವಾಗುತ್ತದೆ ಎಂದು ಬಾಣಂತಿಗೆ ಸೊಪ್ಪು, ಹಣ್ಣು ಕೊಡದ ಮನೆಗಳಿವೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಅದರ ಬದಲು ನಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ.

ಗಡಿಯ ತೊಡಕು ಬೇರೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮಲ್ಲಿ 2017ರಲ್ಲಿ ಬಂತು. ತೆಲಂಗಾಣದಲ್ಲಿ ಆರೋಗ್ಯ ಲಕ್ಷ್ಮಿ ಇದೆ. ಆದರೆ ಆಚೆ ಊರಿಗೆ ಕೊಟ್ಟ ಮಗಳು ಹೆರಿಗೆಗೆ ತವರಿಗೆ ಬರುತ್ತಾಳೆ. ಹೆಸರು ಅಲ್ಲಿ, ಹಸಿವು ಇಲ್ಲಿ. ಹೆಸರು ವರ್ಗಾಯಿಸಲು ದಾರಿ ಇದೆ, ಕೇಳಬೇಕೆಂದು ಗೊತ್ತಿರುವ ಮನೆ ಕಡಿಮೆ. ಆ ತಿಂಗಳುಗಳಲ್ಲಿ ಅವಳಿಗೆ ಹಿತ್ತಲ ನುಗ್ಗೆಯೇ ಗತಿ.

ನೀವು ಬರುವುದಾದರೆ ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲೇ ಬನ್ನಿ. ಅಕ್ಕಡಿಯ ಮಾತು ಜುಲೈನಲ್ಲಿ ಆಡಿ ಪ್ರಯೋಜನವಿಲ್ಲ. ಯಜಮಾನರ ಜೊತೆ ಮನೆಯ ಅತ್ತೆಯನ್ನೂ ಕೂರಿಸಿಕೊಳ್ಳಿ. ಪುಂಡಿ ಬೀಜ ಕಟ್ಟಿಟ್ಟ ಗಂಟು ಎಲ್ಲಿದೆ ಎಂದು ಅವರಿಗೇ ಗೊತ್ತು, ಸೊಸೆಗೆ ಏನು ಬಡಿಸಬೇಕೆಂದು ಹೇಳುವವರೂ ಅವರೇ.