ಯಾಂತ್ರೀಕೃತ ದೋಣಿಗಳು ಬಂದ ಮೇಲೆ ಕರಾವಳಿಯ ಮೊಗವೀರರ ಬದುಕು ಸುಧಾರಿಸಿತೇ?

ಆದಾಯವನ್ನಷ್ಟೇ ನೋಡಿದರೆ ಸುಧಾರಿಸಿತು ಎಂದೇ ಹೇಳಬೇಕು. ಆದರೆ ಮಲ್ಪೆಯ ಸಮೀಪದ ಮೀನುಗಾರ ಕುಟುಂಬದಲ್ಲಿ ಬೆಳೆದ ನನಗೆ, ಮೀನಿನ ಮೇಲೆ ಊರಿಗಿದ್ದ ಹಕ್ಕು ತಪ್ಪಿಹೋದದ್ದೇ ಅದಕ್ಕಿಂತ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ.

ಯಾಂತ್ರೀಕೃತ ದೋಣಿಗಳು ಬರುವ ಮೊದಲು ಇಲ್ಲಿ ರಂಪಣಿಯಿಂದ ಮೀನು ಹಿಡಿಯುತ್ತಿದ್ದರು. ರಂಪಣಿ ಎಂದರೆ ದಡದಿಂದಲೇ ಎಳೆಯುವ ಬಹಳ ಉದ್ದದ ಬಲೆ. ಬಂಗುಡೆ, ಬೂತಾಯಿಗಳ ಹಿಂಡು ದಡದ ಹತ್ತಿರ ಬಂದುದು ಕಂಡೊಡನೆ ದೋಣಿಯಲ್ಲಿ ಹೋಗಿ ಅದರ ಸುತ್ತ ಬಲೆ ಬಿಡುತ್ತಿದ್ದರು. ಎರಡೂ ತುದಿಗಳ ಹಗ್ಗವನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಈ ಬಲೆ ಒಬ್ಬನ ಸ್ವತ್ತಾಗಿರಲಿಲ್ಲ. ಮನೆಮನೆಯವರು ತಮ್ಮ ತುಂಡುಗಳನ್ನು ತಂದು ಜೋಡಿಸಿ ಒಂದು ಕೂಟ ಕಟ್ಟಿಕೊಳ್ಳುತ್ತಿದ್ದರು, ಬಂದ ಹಣ ಬಲೆಯ ಪಾಲು ಮತ್ತು ದುಡಿಮೆಯ ಪಾಲು ಎಂದು ಹಂಚಿಕೆಯಾಗುತ್ತಿತ್ತು.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ಬೋಟುಗಳು, ಅಂದರೆ ಹಿಂಡಿನ ಸುತ್ತ ಬಲೆ ಬಿಟ್ಟು ಅದರ ಅಡಿಯನ್ನು ಚೀಲದಂತೆ ಬಿಗಿಯುವ ಯಂತ್ರದ ದೋಣಿಗಳು ಬಂದವು. ದಡಕ್ಕೆ ಬರಬೇಕಿದ್ದ ಹಿಂಡನ್ನು ಅವು ಆಳದಲ್ಲಿಯೇ ಸುತ್ತುವರಿದು ಹಿಡಿಯತೊಡಗಿದ್ದರಿಂದ, ದಡದಲ್ಲಿ ಕಾದು ಕುಳಿತವರಿಗೆ ಎಳೆಯಲು ಮೀನೇ ಉಳಿಯಲಿಲ್ಲ. ಕೆಲವು ರಂಪಣಿಯವರು ಕೂಡಿ ಸಾಲ ಮಾಡಿ ತಾವೂ ಬೋಟು ಕೊಂಡರು. ಅದು ಆಗದವರು ಇತರರ ಬೋಟಿನಲ್ಲಿ ಕೂಲಿಗೆ ಹೋದರು ಇಲ್ಲವೇ ಮುಂಬಯಿಯ ದಾರಿ ಹಿಡಿದರು.

ಈ ಚರ್ಚೆಯಲ್ಲಿ ಹೆಂಗಸರ ಮಾತು ಬರುವುದೇ ಕಡಿಮೆ, ಅದು ನನಗೆ ಬಹಳ ನೋವಿನ ಸಂಗತಿ. ತಮ್ಮೂರಿನ ದಡದಲ್ಲಿಯೇ ಮೀನು ಬೀಳುತ್ತಿದ್ದಾಗ ಅವರು ಬುಟ್ಟಿ ತುಂಬಿಕೊಂಡು ಹಳ್ಳಿಗಳಿಗೆ ಹೊತ್ತು ಮಾರುತ್ತಿದ್ದರು. ಈಗ ಬೋಟಿನ ಮೀನು ಇಳಿಯುವ ಬಂದರಿನಲ್ಲಾದರೋ ಲಾರಿ ತಂದ ವ್ಯಾಪಾರಿಗಳ ಮತ್ತು ಮೀನಿನ ಹುಡಿ, ಎಣ್ಣೆ ತಯಾರಿಸುವ ಕಾರ್ಖಾನೆಗಳಿಗೆ ಕೊಳ್ಳುವವರ ಎದುರು ಹರಾಜು ಕೂಗಬೇಕು. ಸಣ್ಣ ಬಂಡವಾಳದ ಒಂಟಿ ಹೆಂಗಸಿಗೆ ಅದು ಸುಲಭವಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳುವುದೂ ಸರಿಯಲ್ಲ. ರಂಪಣಿಗೆ ಮಳೆಗಾಲದಲ್ಲಿ ಕೆಲಸವಿರಲಿಲ್ಲ, ಹಿಂಡು ದಡಕ್ಕೆ ಬಾರದ ವರ್ಷ ಸಾಲವೇ ಗತಿಯಾಗುತ್ತಿತ್ತು. ಮಕ್ಕಳ ಓದಿಗೆ, ಗಟ್ಟಿ ಮನೆಗೆ ಬೋಟಿನ ಹಣವೇ ದಾರಿಯಾದದ್ದನ್ನು ನಾನು ಮರೆಯಲಾರೆ.

ಈಗ ದಡದವರ ಮತ್ತು ಬೋಟಿನವರ ನಡುವಿನ ಅದೇ ಹಳೆಯ ಜಗಳ ಹೊಸ ರೂಪದಲ್ಲಿ ನಡೆಯುತ್ತಿದೆ. ಪ್ರಖರ ದೀಪ ಹಚ್ಚಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದರೂ, ಅದು ನಿಂತಿಲ್ಲವೆಂದು ನಾಡದೋಣಿಯವರು ದೂರುತ್ತಲೇ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ದಡದ ಮೀನುಗಾರರಿಗೆ ವರ್ಷದುದ್ದಕ್ಕೂ ಸಮುದ್ರದ ಒಂದು ಪಾಲನ್ನು ಹೀಗೆಯೇ ಕಾಯ್ದಿರಿಸಿ, ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ.