30 ಅಡಿ ಆರ್‌ವಿ ಎಲ್ಲಿ ನಿಲ್ಲಿಸೋದು?

ಜುಲೈನಲ್ಲಿ ಅಪ್ಪ ಅಮ್ಮನ ಜೊತೆ 30 ಅಡಿ ಆರ್‌ವಿಯಲ್ಲಿ (ಮಲಗೋಕೆ, ಅಡುಗೆಗೆ ಜಾಗ ಇರುವ ಮನೆಯಂಥ ಗಾಡಿ) ಅಮೆರಿಕದ ಯೆಲ್ಲೋಸ್ಟೋನ್, ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ಗಳನ್ನು ನೋಡಬೇಕು, ಎಲ್ಲಿ ತಂಗೋದು ಅಂತ ಕೇಳಿದ್ದೀರಿ. ಯೆಲ್ಲೋಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್‌ಗೇ ಪ್ರಯತ್ನಿಸಿ. ಪಾರ್ಕಿನೊಳಗೆ ನೀರು, ಕರೆಂಟ್, ಕೊಳಚೆ ಪೈಪ್ ಮೂರೂ ಇರುವುದು ಅಲ್ಲಿ ಮಾತ್ರ. 7,700 ಅಡಿಗೂ ಎತ್ತರದ ಜಾಗ, ಜುಲೈನಲ್ಲೂ ರಾತ್ರಿ ಚೆನ್ನಾಗಿ ಚಳಿ ಇರುತ್ತೆ. ಹಿರಿಯರಿಗೆ ಹೀಟರ್ ಬೇಕೇ ಬೇಕು ಅಲ್ವಾ?

ಗ್ಲೇಸಿಯರ್ ಲೆಕ್ಕ ಬೇರೆ. ಅಲ್ಲಿನ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಆ ರಸ್ತೆಯ ಅತಿ ಎತ್ತರದ ಜಾಗ ಲೋಗನ್ ಪಾಸ್ ನೋಡದೆ ಬಂದರೆ ಅಲ್ಲಿಗೆ ಹೋಗಿಯೂ ಸುಮ್ನೆ. ಪಾರ್ಕಿನ ಕ್ಯಾಂಪ್‌ಗಳಲ್ಲಿ ಕರೆಂಟ್ ಸಂಪರ್ಕವೂ ಇಲ್ಲ. ಅದಕ್ಕೇ ಹೊರಗೆ, ವೆಸ್ಟ್ ಗ್ಲೇಸಿಯರ್ ಊರಿನ ಖಾಸಗಿ ಕ್ಯಾಂಪಿನಲ್ಲಿ ಆರ್‌ವಿ ನಿಲ್ಲಿಸಿ, ಒಂದು ದಿನಕ್ಕೆ ಸಣ್ಣ ಕಾರು ಬಾಡಿಗೆಗೆ ಹಿಡಿಯಿರಿ. ಎರಡೂ ಕಡೆ ಬುಕಿಂಗ್ ಈಗಲೇ ಮಾಡಿ.