ಹಳೇ ಗಿರಾಕಿಗಳಿಗೆ ಇಮೇಲ್ ಕಳಿಸಿದರೆ ದಂಡ ಬೀಳುತ್ತಾ?

ಪ್ರಶ್ನೆ: ಗಾಂಧಿ ಬಜಾರ್ ಹತ್ತಿರದ ಮನೆಯಲ್ಲೇ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರೂ ತರಿಸಿಕೊಳ್ಳುತ್ತಾರೆ. ಗೌರಿ ಹಬ್ಬಕ್ಕೆ ಮುಂಚೆ ಹಳೇ ಗಿರಾಕಿಗಳಿಗೆಲ್ಲ ಇಮೇಲ್ ಹಾಕುತ್ತೇನೆ. ಅದಕ್ಕೆ ದಂಡ ಬೀಳುತ್ತದೆ, ಕೆಳಗೆ ವಿಳಾಸ ಬೇರೆ ಹಾಕಬೇಕು ಅಂತ ತಂಗಿ ಮಗ ಹೆದರಿಸಿದ್ದಾನೆ. ಒಬ್ಬಳೇ ಇರುವವಳು, ಮನೆ ನಂಬರ್ ಎಲ್ಲರಿಗೂ ಹೇಗೆ ಕೊಡಲಿ?
– ಓದುಗರು, ಬಸವನಗುಡಿ

ಉತ್ತರ: ಹುಡುಗ ಹೇಳಿದ್ದು ಸುಳ್ಳಲ್ಲ ಮೇಡಂ. ಆದರೆ ಎರಡು ದೇಶದ ಕಾನೂನನ್ನು ಕಲಸಿಬಿಟ್ಟಿದ್ದಾನೆ.

ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾನೂನು 2004ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಮೊದಲೇ ಒಪ್ಪಿಗೆ ಕೇಳಬೇಕಿಲ್ಲ. ಬೇಡ ಅಂದವರ ಹೆಸರನ್ನು ಕೆಲಸದ 10 ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ತಲೆಬರಹದಲ್ಲಿ ‘ನಿಮ್ಮ ಆರ್ಡರ್ ಬಗ್ಗೆ’ ಅಂತ ಬರೆದು ಒಳಗೆ ಹೊಸ ಗೊಜ್ಜಿನ ಜಾಹೀರಾತು ಇಡುವ ಹಾಗಿಲ್ಲ.

ಕೆನಡಾದ್ದು ಬಿಗಿ. 2014ರ ಜುಲೈಯಿಂದ ಅಲ್ಲಿ ಒಪ್ಪಿಗೆ ಮೊದಲು, ಇಮೇಲ್ ಆಮೇಲೆ. ಒಮ್ಮೆ ಕೊಂಡವರು 2 ವರ್ಷ ಒಪ್ಪಿದಂತೆ ಲೆಕ್ಕ. ಸುಮ್ನೆ ಬೆಲೆ ವಿಚಾರಿಸಿದವರದ್ದು 6 ತಿಂಗಳು. ಅವಧಿ ಮುಗಿದ ಮೇಲೆ ‘ಇಮೇಲ್ ಕಳಿಸಲಾ?’ ಅಂತ ಕೇಳುವುದೂ ತಪ್ಪೇ, ಯಾಕೆಂದರೆ ಅದನ್ನೂ ವ್ಯಾಪಾರದ ಇಮೇಲ್ ಅಂತಲೇ ನೋಡುತ್ತಾರೆ. ಹಾಗಾಗಿ ಆರ್ಡರ್ ಮಾಡುವ ಪುಟದಲ್ಲೇ ಒಂದು ಖಾಲಿ ಚೌಕ ಇಡಿ. ಟಿಕ್ ಅವರೇ ಹಾಕಲಿ. ಯಾರು, ಯಾವಾಗ ಒಪ್ಪಿದರು ಅನ್ನೋದು ನಿಮ್ಮ ಹತ್ತಿರ ಇರಲಿ. ಬಿಲ್ಲು, ಪಾರ್ಸೆಲ್ ಎಲ್ಲಿದೆ ಅನ್ನೋ ಇಮೇಲ್‌ಗೆ ಈ ಒಪ್ಪಿಗೆ ಬೇಡ.

ಇನ್ನು ವಿಳಾಸ. ಎರಡೂ ಕಡೆ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಲಾಟರಿ ಗೆದ್ದಿರಿ ಅಂತ ಬರೆಯುವ ಕಳ್ಳ ವಿಳಾಸ ಕೊಡುತ್ತಾನಾ? ಕೊಡುವವರು ನಿಮ್ಮಂಥವರೇ. ಆದರೆ ಮನೆಯದ್ದೇ ಆಗಬೇಕು ಅಂತೇನಿಲ್ಲ, ನಿಮ್ಮ ವ್ಯಾಪಾರದ ಹೆಸರಿಗೆ ಬರುವ ಅಂಚೆ ನಿಮ್ಮ ಕೈಸೇರುವಂಥ ನಿಜವಾದ ವಿಳಾಸ ಸಾಕು. ಬಾಡಿಗೆಗೆ ಕಚೇರಿ ವಿಳಾಸ ಕೊಡುವವರು ಬೆಂಗಳೂರಲ್ಲಿ ಬೇಕಾದಷ್ಟು ಇದ್ದಾರೆ. ವರ್ಷದ ಖರ್ಚಿಗೆ ಅದನ್ನೂ ಸೇರಿಸಿಕೊಳ್ಳಿ.

ಕೆನಡಾದ ರಾಜಧಾನಿ ಒಟ್ಟಾವಾದಿಂದ ಯಾರೂ ಬಸವನಗುಡಿಗೆ ಹುಡುಕಿಕೊಂಡು ಬರಲಾರರು ಅಂತ ನನ್ನ ಅಂದಾಜು. ನಿಮಗೆ ಜಾಸ್ತಿ ತೊಂದರೆ ಕೊಡುವುದು ಜೀಮೇಲ್. 2024ರ ಫೆಬ್ರವರಿಯಿಂದ ಅವರ ನಿಯಮ ಗಟ್ಟಿಯಾಗಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಕಟ್ಟುಪಾಡು ಹೆಚ್ಚು, ಆದರೆ ನಿಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ಇಮೇಲ್ ನಿಮ್ಮ ಡೊಮೇನ್‌ನಿಂದಲೇ, ಅಂದರೆ ನಿಮ್ಮ ವೆಬ್‌ಸೈಟ್ ಹೆಸರಿನಿಂದಲೇ ಹೋಯಿತು ಅನ್ನೋದಕ್ಕೆ ಅವು ಗುರುತು. ವೆಬ್‌ಸೈಟ್ ಮಾಡಿಕೊಟ್ಟವರನ್ನೇ ಕೇಳಿ, ದೊಡ್ಡ ಕೆಲಸವಲ್ಲ. ‘ಇನ್ನು ಬೇಡ’ ಅನ್ನೋ ಲಿಂಕ್ ಎದ್ದು ಕಾಣುವ ಹಾಗಿಡಿ. ಅದು ಸಿಗದವರು ‘ಸ್ಪ್ಯಾಮ್’ ಬಟನ್ ಒತ್ತುತ್ತಾರೆ. ಹಾಗೆ ಒತ್ತಿದವರು ಹೆಚ್ಚಾದರೆ ನಿಮ್ಮ ಇಮೇಲ್ ಬೇಕು ಅನ್ನುವವರಿಗೂ ಸಿಗುವುದಿಲ್ಲ.

ಇಮೇಲ್ ಸಹವಾಸವೇ ಬೇಡ, ಎಸ್‌ಎಂಎಸ್ ಕಳಿಸುತ್ತೇನೆ ಅಂದುಕೊಂಡರೆ ಅಲ್ಲಿ ನಮ್ಮ ದೇಶದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮ ಇದೆ. ಮೊದಲು ನೋಂದಣಿ ಆಗಬೇಕು, ಕಳಿಸುವ ಒಕ್ಕಣೆಗೂ ಮುಂಚೆಯೇ ಒಪ್ಪಿಗೆ ಪಡೆಯಬೇಕು. ಈ ಹಬ್ಬಕ್ಕೆ ಇಮೇಲ್ ಸಾಕು.